ಕರ್ತೃವಿಲ್ಲದ ವಾಕ್ಯ: ಬುನ್ಯುಯೆಲ್‌ನ ‘ಲಾಸ್ ಉರ್ದೆಸ್’ ಸಾಕ್ಷ್ಯಚಿತ್ರದಲ್ಲಿ ಗ್ರಾಮೀಣ ಬಡತನದ ಪ್ರಾತಿನಿಧ್ಯ

೧. ಪೀಠಿಕೆ

‘ಪ್ರಾತಿನಿಧ್ಯ’ ಎಂಬ ಪರಿಕಲ್ಪನೆಯಲ್ಲಿ ಎರಡು ಅರ್ಥಗಳು ಒಟ್ಟಿಗೆ ನೆಲೆಸಿವೆ. ಒಬ್ಬರ ಪರವಾಗಿ ಇನ್ನೊಬ್ಬರು ನಿಂತು ಮಾತನಾಡುವುದು ಒಂದರ್ಥ. ಒಬ್ಬರನ್ನು ಇನ್ನೊಬ್ಬರು ಪದದಲ್ಲೋ ಚಿತ್ರದಲ್ಲೋ ಮೂಡಿಸುವುದು ಇನ್ನೊಂದರ್ಥ. ಮೊದಲನೆಯದು ರಾಜಕೀಯದ ಪ್ರಾತಿನಿಧ್ಯ, ಎರಡನೆಯದು ಚಿತ್ರಣದ ಪ್ರಾತಿನಿಧ್ಯ. ಇವೆರಡನ್ನೂ ಬೇರೆಬೇರೆಯಾಗಿ ಇಟ್ಟು ನೋಡದಿದ್ದರೆ ಅಧೀನ ಜನವರ್ಗಗಳ ಮೌನ ನಮ್ಮ ಗಮನಕ್ಕೇ ಬಾರದೆ ಹೋಗುತ್ತದೆ ಎಂಬುದನ್ನು ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಅವರು ೧೯೮೮ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಬಡತನವನ್ನು ಕುರಿತ ಸಾಕ್ಷ್ಯಚಿತ್ರಗಳಲ್ಲಿ ಈ ಎರಡು ಅರ್ಥಗಳ ನಡುವಿನ ಗೆರೆ ವಿಶೇಷವಾಗಿ ಮಸುಕಾಗುತ್ತದೆ. ಬಡವರನ್ನು ತೋರಿಸುವ ಚಿತ್ರ, ತೋರಿಸಿದ ಮಾತ್ರಕ್ಕೇ ತಾನು ಅವರ ಪರವಾಗಿ ಮಾತನಾಡಿದೆನೆಂದು ಭಾವಿಸುತ್ತದೆ. ನೋಡುಗರೂ ಹಾಗೆಯೇ ನಂಬುತ್ತಾರೆ.

ಈ ನಂಬಿಕೆಯನ್ನು ಪರೀಕ್ಷಿಸಲು ಪ್ರಸ್ತುತ ಲೇಖನ ಸ್ಪೇನ್ ದೇಶದ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ೧೯೩೩ರಲ್ಲಿ ಚಿತ್ರೀಕರಿಸಿದ ‘ಲಾಸ್ ಉರ್ದೆಸ್’ ಎಂಬ ಸಾಕ್ಷ್ಯಚಿತ್ರವನ್ನು ಆರಿಸಿಕೊಂಡಿದೆ. ‘ರೊಟ್ಟಿಯಿಲ್ಲದ ನಾಡು’ ಎಂಬ ಅರ್ಥದ ಹೆಸರಿನಿಂದಲೂ ಪ್ರಸಿದ್ಧವಾದ ಈ ಚಿತ್ರದ ಅವಧಿ ಅರ್ಧ ಗಂಟೆಗೂ ಕಡಿಮೆ. ಆದರೆ ಗ್ರಾಮೀಣ ಬಡತನವನ್ನು ತೋರಿಸುವವರ ಹೊಣೆ ಯಾವುದು ಎಂಬ ಪ್ರಶ್ನೆಯನ್ನು ಇದರಷ್ಟು ತೀವ್ರವಾಗಿ ಎತ್ತಿದ ಚಿತ್ರಗಳು ವಿರಳ. ಚಿತ್ರದಲ್ಲಿ ಕೆಲವು ದೃಶ್ಯಗಳು ಕೃತಕವಾಗಿ ಸೃಷ್ಟಿಯಾದವು ಎಂಬುದು ಇಂದು ಸಾಮಾನ್ಯವಾಗಿ ತಿಳಿದಿರುವ ಸಂಗತಿ. ಚರ್ಚೆ ಬಹುಪಾಲು ಅಲ್ಲಿಯೇ ನಿಂತುಬಿಡುತ್ತದೆ. ಸತ್ಯ-ಸುಳ್ಳುಗಳ ಈ ಪ್ರಶ್ನೆಗಿಂತ ಆಳವಾದ ಇನ್ನೊಂದು ಪ್ರಶ್ನೆಯಿದೆ: ಚಿತ್ರದ ವಾಕ್ಯರಚನೆಯಲ್ಲಿ ಬಡವರಿಗೆ ದೊರೆಯುವ ಸ್ಥಾನ ಯಾವುದು? ಅವರು ಕರ್ತೃಗಳೇ, ಕರ್ಮವೇ, ಅಥವಾ ಕೇವಲ ವಿಶೇಷಣಗಳನ್ನು ಹೊರುವ ನಾಮಪದಗಳೇ? ಈ ಪ್ರಶ್ನೆಯ ಮೂಲಕ ಚಿತ್ರವನ್ನು ಮರಳಿ ಓದುವುದು ಈ ಲೇಖನದ ಉದ್ದೇಶ.

೨. ಚಿತ್ರದ ಹಿನ್ನೆಲೆ

ಲಾಸ್ ಉರ್ದೆಸ್ ಎಂಬುದು ಪಶ್ಚಿಮ ಸ್ಪೇನಿನ ಎಸ್ತ್ರೆಮದುರಾ ಪ್ರಾಂತದಲ್ಲಿ, ಕಾಸೆರೆಸ್ ಜಿಲ್ಲೆಯ ಉತ್ತರದ ತುದಿಯಲ್ಲಿರುವ ಗುಡ್ಡಗಾಡು ಪ್ರದೇಶ. ಕಡಿದಾದ ಇಳಿಜಾರು, ಕಲ್ಲು ತುಂಬಿದ ನೆಲ, ಕಿರಿದಾದ ಕಣಿವೆಗಳು ಇಲ್ಲಿನ ಭೂಲಕ್ಷಣ. ಬುನ್ಯುಯೆಲ್ ಅಲ್ಲಿಗೆ ಹೋಗುವುದಕ್ಕಿಂತ ಬಹಳ ಹಿಂದೆಯೇ ಈ ಪ್ರದೇಶ ಸ್ಪೇನಿನ ಕಲ್ಪನೆಯಲ್ಲಿ ಒಂದು ‘ಕತ್ತಲ ನಾಡಾಗಿ’ ನೆಲೆಗೊಂಡಿತ್ತು ಎಂಬುದು ಗಮನಾರ್ಹ. ಹದಿನೇಳನೆಯ ಶತಮಾನದ ನಾಟಕಕಾರ ಲೋಪೆ ದೆ ವೇಗಾ ಇದರ ನೆರೆಯ ಬತುಏಕಾಸ್ ಕಣಿವೆಯನ್ನು ಹೊರಜಗತ್ತಿನ ಅರಿವಿಲ್ಲದ ಕಾಡುಜನರ ನೆಲೆಯಾಗಿ ರಂಗದ ಮೇಲೆ ತಂದಿದ್ದನು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಈ ಭಾಗದಲ್ಲಿ ಸಂಚರಿಸಿದ ಚಿಂತಕ ಮಿಗೆಲ್ ದೆ ಉನಾಮುನೊ ಮಾತ್ರ, ಬರಡು ನೆಲದೊಂದಿಗೆ ಈ ಜನ ನಡೆಸುವ ಹೋರಾಟವನ್ನು ಗೌರವದಿಂದ ಕಂಡು ಬರೆದನು. ೧೯೨೨ರಲ್ಲಿ ದೊರೆ ಹದಿಮೂರನೆಯ ಆಲ್ಫೊನ್ಸೊ, ಪ್ರಸಿದ್ಧ ವೈದ್ಯ ಗ್ರೆಗೋರಿಯೊ ಮರನ್ಯೋನ್ ಅವರೊಂದಿಗೆ ಇಲ್ಲಿಗೆ ಭೇಟಿ ನೀಡಿದನು. ಆ ಭೇಟಿಯ ಫಲವಾಗಿ ಪ್ರದೇಶದ ಉದ್ಧಾರಕ್ಕೆಂದು ರಾಜಾಶ್ರಯದ ಒಂದು ಮಂಡಳಿ ಸ್ಥಾಪನೆಯಾಯಿತು. ೧೯೨೭ರಲ್ಲಿ ಫ್ರೆಂಚ್ ವಿದ್ವಾಂಸ ಮೊರಿಸ್ ಲೆಜಾಂಡ್ರ್ ಈ ಪ್ರದೇಶವನ್ನು ಕುರಿತು ಮಾನವ ಭೂಗೋಳದ ಬೃಹತ್ ಅಧ್ಯಯನವೊಂದನ್ನು ಪ್ರಕಟಿಸಿದನು. ಬುನ್ಯುಯೆಲ್‌ನ ಚಿತ್ರಕ್ಕೆ ನೇರ ಪ್ರೇರಣೆ ದೊರೆತದ್ದು ಈ ಗ್ರಂಥದಿಂದ. ಚಿತ್ರ ತನ್ನನ್ನು ‘ಮಾನವ ಭೂಗೋಳದ ಪ್ರಬಂಧ’ ಎಂದು ಕರೆದುಕೊಳ್ಳುವುದರ ಹಿನ್ನೆಲೆಯೂ ಇದೇ.

ಅಂದರೆ ಕ್ಯಾಮೆರಾ ಬರುವ ಹೊತ್ತಿಗೆ ನಾಟಕಕಾರ, ಚಿಂತಕ, ದೊರೆ, ವೈದ್ಯ, ವಿದ್ವಾಂಸ ಇವರೆಲ್ಲರೂ ಉರ್ದೆಸ್ ಜನರನ್ನು ‘ನೋಡಿ’ ಆಗಿತ್ತು.

ಚಿತ್ರದ ನಿರ್ಮಾಣದ ಕಥೆ ಸ್ವತಃ ಒಂದು ಐತಿಹಾಸಿಕ ದಾಖಲೆ. ಹುಏಸ್ಕಾ ನಗರದ ಶಿಕ್ಷಕ, ಶಿಲ್ಪಿ ಹಾಗೂ ಅರಾಜಕತಾವಾದಿ ಚಳವಳಿಗಾರ ರಮೋನ್ ಆಸಿನ್, ಲಾಟರಿಯಲ್ಲಿ ಹಣ ಬಂದರೆ ಚಿತ್ರಕ್ಕೆ ಕೊಡುವೆನೆಂದು ಗೆಳೆಯನಿಗೆ ಮಾತು ಕೊಟ್ಟಿದ್ದನು. ೧೯೩೨ರ ಕ್ರಿಸ್‌ಮಸ್ ಲಾಟರಿಯಲ್ಲಿ ಅವನಿಗೆ ಹಣ ಬಂದಿತು. ಅದರಲ್ಲಿ ೨೦,೦೦೦ ಪೆಸೆಟಾಗಳನ್ನು ಚಿತ್ರಕ್ಕೆ ನೀಡಿ ಅವನು ಮಾತು ಉಳಿಸಿಕೊಂಡನು. ೧೯೩೩ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಎಲಿ ಲೋತಾರ್ ಛಾಯಾಗ್ರಹಣ ಮಾಡಿದನು. ಕವಿ ಪಿಯರ್ ಯೂನಿಕ್ ನಿರೂಪಣೆಯ ಬರವಣಿಗೆಯಲ್ಲಿ ಜೊತೆಗಿದ್ದನು. ಸಂಕಲನ ಯಂತ್ರ ಕೊಳ್ಳಲು ಹಣವಿಲ್ಲದೆ ಬುನ್ಯುಯೆಲ್ ಅಡುಗೆಮನೆಯ ಮೇಜಿನ ಮೇಲೆ ಭೂತಗನ್ನಡಿ ಹಿಡಿದು ಸಂಕಲನ ಮಾಡಿದನು. ಧ್ವನಿ ಮುದ್ರಣಕ್ಕೂ ಹಣವಿರಲಿಲ್ಲ. ಮೊದಲ ಪ್ರದರ್ಶನದಲ್ಲಿ ನಿರ್ದೇಶಕನೇ ಧ್ವನಿವರ್ಧಕದ ಮುಂದೆ ಕುಳಿತು ನಿರೂಪಣೆಯನ್ನು ಓದಿದನು.

ಆ ಪ್ರದರ್ಶನವನ್ನು ನೋಡಿದ ಮರನ್ಯೋನ್ ಅವರು ಆಗ ಉರ್ದೆಸ್ ಮಂಡಳಿಯ ಅಧ್ಯಕ್ಷರಾಗಿದ್ದರು. ೧೯೮೨ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ ಬುನ್ಯುಯೆಲ್ ಹೇಳುವಂತೆ, ನೆರೆಯ ಲಾ ಆಲ್ಬೆರ್ಕಾ ಗ್ರಾಮದ ಸುಂದರ ಜನಪದ ನೃತ್ಯಗಳನ್ನು ಏಕೆ ತೋರಿಸಲಿಲ್ಲವೆಂಬುದು ಅವರ ಆಕ್ಷೇಪವಾಗಿತ್ತು. ಗಣರಾಜ್ಯದ ಬಲಪಂಥೀಯ ಸರ್ಕಾರ ಸ್ಪೇನಿನ ಗೌರವಕ್ಕೆ ಕುಂದೆಂದು ಚಿತ್ರವನ್ನು ನಿಷೇಧಿಸಿತು. ೧೯೩೬ರಲ್ಲಿ ಜನತಾ ರಂಗ ಅಧಿಕಾರಕ್ಕೆ ಬಂದ ಮೇಲಷ್ಟೇ ಅದಕ್ಕೆ ಬಿಡುಗಡೆ ದೊರೆತು, ಮುಂದೆ ಪ್ಯಾರಿಸ್‌ನಲ್ಲಿ ಫ್ರೆಂಚ್ ಭಾಷೆಯ ಧ್ವನಿ ಸೇರಿತು. ಅಷ್ಟರಲ್ಲಿ ಅಂತರ್ಯುದ್ಧ ಆರಂಭವಾಗಿತ್ತು. ಹಣ ಕೊಟ್ಟ ರಮೋನ್ ಆಸಿನ್‌ನನ್ನು ೧೯೩೬ರ ಆಗಸ್ಟ್‌ನಲ್ಲಿ ಫ್ರಾಂಕೊ ಪಕ್ಷದವರು ಗುಂಡಿಕ್ಕಿ ಕೊಂದರು. ಕೆಲವೇ ದಿನಗಳಲ್ಲಿ ಅವನ ಪತ್ನಿಯನ್ನೂ ಕೊಂದರು. ಈ ಚಿತ್ರದ ಮೇಲೆ ಮುಂದೆ ಬರುವ ಟೀಕೆಯನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯಬಾರದು. ಇದು ಬಡತನವನ್ನು ಮಾರಿ ಹಣ ಮಾಡಿಕೊಂಡವರ ಚಿತ್ರವಲ್ಲ. ಆದ್ದರಿಂದಲೇ ಇದರಲ್ಲಿ ಕಾಣುವ ಪ್ರಾತಿನಿಧ್ಯದ ಸಮಸ್ಯೆ ಸದುದ್ದೇಶದಿಂದ ಪರಿಹಾರವಾಗದ ಸಮಸ್ಯೆ ಎಂದು ತಿಳಿಯಬೇಕಾಗಿದೆ.

೩. ನಿರೂಪಕನ ವ್ಯಾಕರಣ

ಚಿತ್ರದುದ್ದಕ್ಕೂ ಕೇಳುವುದು ಒಂದೇ ಧ್ವನಿ. ಅದು ಹೊರಗಿನಿಂದ ಬಂದ, ವಿದ್ಯಾವಂತ ಪುರುಷನ, ಭಾವರಹಿತವಾದ ಧ್ವನಿ. ಹಿನ್ನೆಲೆಯಲ್ಲಿ ಬ್ರಾಮ್ಸ್‌ನ ನಾಲ್ಕನೆಯ ಸಿಂಫನಿ ತುಂಬು ಗಾಂಭೀರ್ಯದಿಂದ ನುಡಿಯುತ್ತಿರುತ್ತದೆ. ಉರ್ದೆಸ್‌ನ ಯಾವೊಬ್ಬ ವ್ಯಕ್ತಿಯ ದನಿಯೂ ನಮಗೆ ಕೇಳಿಸುವುದಿಲ್ಲ, ಯಾರಿಗೂ ಹೆಸರಿಲ್ಲ. ಸ್ಥಳದಲ್ಲಿ ಧ್ವನಿ ಮುದ್ರಿಸುವ ಸೌಕರ್ಯ ಇರಲಿಲ್ಲ ಎಂಬ ಭೌತಿಕ ಕಾರಣವನ್ನು ಇಲ್ಲಿ ಒಪ್ಪಬೇಕು. ಆದರೆ ದನಿಯನ್ನು ಮುದ್ರಿಸಲಾಗದಿದ್ದರೂ ಮಾತನ್ನು ವರದಿ ಮಾಡಬಹುದಿತ್ತು. ನಿರೂಪಕ ಉರ್ದೆಸ್‌ನವರ ಬಾಯಿಯಿಂದ ಬಂದ ಮಾತೆಂದು ಒತ್ತಿ ಉಲ್ಲೇಖಿಸುವ ಮಾತು ಚಿತ್ರದ ಕೊನೆಯಲ್ಲಿ ಬರುತ್ತದೆ. ರಾತ್ರಿ ಗಂಟೆ ಬಾರಿಸುತ್ತ ಓಣಿಯಲ್ಲಿ ನಡೆಯುವ ಮುದುಕಿಯೊಬ್ಬಳ ಆ ಮಾತು ಸಾವನ್ನು ಕುರಿತದ್ದು. ಬೆಳೆ, ಸಾಲ, ಕೂಲಿ, ಮಕ್ಕಳ ಭವಿಷ್ಯ ಇವುಗಳ ಬಗ್ಗೆ ಈ ಜನ ಏನನ್ನುತ್ತಾರೆಂದು ತಿಳಿಯದೆಯೇ ನಾವು ಚಿತ್ರದಿಂದ ಹೊರಬರುತ್ತೇವೆ.

ನಿರೂಪಣೆಯ ಎರಡನೆಯ ಲಕ್ಷಣ ಸಾಮಾನ್ಯೀಕರಣ. ಒಬ್ಬ ಮಹಿಳೆಯ ಗಂಟಲಿನ ಗಂಟು, ಒಬ್ಬ ಗಂಡಸಿನ ಮಲೇರಿಯಾ ನಡುಕ, ಒಬ್ಬ ಬುದ್ಧಿಮಾಂದ್ಯನ ನಗು ಇವು ಕ್ಷಣಮಾತ್ರದಲ್ಲಿ ‘ಇಲ್ಲಿನ ಜನ’ ಎಂಬ ಬಹುವಚನಕ್ಕೆ ಉದಾಹರಣೆಗಳಾಗಿ ಮಾರ್ಪಡುತ್ತವೆ. ಗಂಟಲುಗಂಟಿನ ಹೆಂಗಸಿನ ಮುಖವನ್ನು ತೋರಿಸಿ ಆಕೆಯ ವಯಸ್ಸು ಕೇವಲ ೩೨ ಎಂದು ನಿರೂಪಕ ತಿಳಿಸುತ್ತಾನೆ. ಆ ಅಂಕಿಯಿಂದ ನೋಡುಗ ಬೆಚ್ಚುತ್ತಾನೆ. ಆದರೆ ಆಕೆಯ ಬಗ್ಗೆ ನಮಗೆ ತಿಳಿಯುವುದು ಆ ಅಂಕಿ ಮಾತ್ರ.

ಮೂರನೆಯದು ಹಾಗೂ ಮುಖ್ಯವಾದುದು ಕ್ರಿಯಾಪದಗಳ ಸ್ವರೂಪ. ಇಲ್ಲಿ ಕನ್ನಡ ವ್ಯಾಕರಣದ ಒಂದು ಅಂಶ ನಮ್ಮ ನೆರವಿಗೆ ಬರುತ್ತದೆ. ಕನ್ನಡದಲ್ಲಿ ಹಸಿವನ್ನು ಮೂರು ಬಗೆಯಲ್ಲಿ ಹೇಳಬಹುದು. ‘ಅವರಿಗೆ ಹಸಿವಾಗಿದೆ’ ಎಂದಾಗ ಹಸಿವೇ ಕರ್ತೃ. ಹಸಿದವರು ಚತುರ್ಥಿ ವಿಭಕ್ತಿಯಲ್ಲಿ ನಿಂತು ಅದನ್ನು ಅನುಭವಿಸುತ್ತಾರೆ. ‘ಅವರು ಉಪವಾಸವಿದ್ದಾರೆ’ ಎಂದಾಗ ಅದು ಅವರ ಸ್ಥಿತಿಯಾಗುತ್ತದೆ, ಬಹುಮಟ್ಟಿಗೆ ಅವರ ಸ್ವಭಾವವಾಗುತ್ತದೆ. ‘ಅವರನ್ನು ಉಪವಾಸ ಕೆಡವಿದ್ದಾರೆ’ ಎಂದಾಗ ಮಾತ್ರ ವಾಕ್ಯದೊಳಗೆ ಇನ್ನೊಬ್ಬ ಕರ್ತೃ ಪ್ರವೇಶಿಸುತ್ತಾನೆ. ಯಾರು ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಬಡತನದ ಪ್ರಾತಿನಿಧ್ಯದಲ್ಲಿ ಈ ಮೂರು ವಾಕ್ಯಗಳು ಮೂರು ರಾಜಕೀಯ ನಿಲುವುಗಳೂ ಹೌದು. ‘ಲಾಸ್ ಉರ್ದೆಸ್’ ಚಿತ್ರದ ನಿರೂಪಣೆ ಬಹುಪಾಲು ಎರಡನೆಯ ಬಗೆಯ ವಾಕ್ಯಗಳಿಂದ ಕಟ್ಟಲ್ಪಟ್ಟಿದೆ. ನೆಲ ಬರಡು, ನೀರು ಕೊಳಕು, ಸೊಳ್ಳೆ ಹೇರಳ, ಜನ ರೋಗಿಗಳು. ಪಠ್ಯಪುಸ್ತಕದ ಚಿತ್ರಗಳ ನೆರವಿನಿಂದ ಅನಾಫಿಲಿಸ್ ಸೊಳ್ಳೆಯನ್ನು ಗುರುತಿಸುವ ವಿಧಾನವನ್ನು ಚಿತ್ರ ನಮಗೆ ಕಲಿಸುತ್ತದೆ. ಆದರೆ ಕ್ವಿನೈನ್ ಏಕೆ ಅಲ್ಲಿಗೆ ತಲುಪಲಿಲ್ಲವೆಂಬುದನ್ನು ಕೇಳುವುದಿಲ್ಲ.

ಈ ಕರ್ತೃಲೋಪದ ಅತ್ಯುತ್ತಮ ನಿದರ್ಶನ ಲಾ ಆಲ್ಬೆರ್ಕಾ ಗ್ರಾಮದ ಚಿತ್ರಣ. ಚಿತ್ರ ಆರಂಭವಾಗುವುದು ಸಲಮಾಂಕಾ ಜಿಲ್ಲೆಗೆ ಸೇರಿದ ಈ ಅನುಕೂಲಸ್ಥ ಗ್ರಾಮದಲ್ಲಿ. ನವವಿವಾಹಿತ ಯುವಕರು ಕುದುರೆಯ ಮೇಲೆ ಬಂದು, ನೇತುಹಾಕಿದ ಹುಂಜಗಳ ತಲೆಯನ್ನು ಕಿತ್ತೆಳೆಯುವ ಹಬ್ಬವನ್ನು ನಾವು ನೋಡುತ್ತೇವೆ. ಅಲ್ಲಿಂದ ಗುಡ್ಡ ದಾಟಿ ಉರ್ದೆಸ್ ಪ್ರವೇಶಿಸುತ್ತೇವೆ. ಚಿತ್ರದ ಜೋಡಣೆಯಲ್ಲಿ ಈ ಎರಡು ನೆಲೆಗಳು ಪರಸ್ಪರ ವೈದೃಶ್ಯಕ್ಕಾಗಿ ಇಟ್ಟ ಎರಡು ಲೋಕಗಳು. ಇತಿಹಾಸದಲ್ಲಿ ಅವುಗಳ ಸಂಬಂಧ ಬೇರೆಯದೇ ಆಗಿತ್ತು. ಶತಮಾನಗಳ ಕಾಲ ಉರ್ದೆಸ್‌ನ ದೊಡ್ಡ ಭಾಗ ಲಾ ಆಲ್ಬೆರ್ಕಾದ ಒಡೆತನಕ್ಕೆ ಒಳಪಟ್ಟು, ಅಲ್ಲಿನ ಜನ ಅದಕ್ಕೆ ಕಂದಾಯ ತೆರುತ್ತಿದ್ದರು. ಅಂದರೆ ಒಂದು ಗ್ರಾಮದ ಅನುಕೂಲಕ್ಕೂ ಇನ್ನೊಂದು ಪ್ರದೇಶದ ಅಭಾವಕ್ಕೂ ಆಸ್ತಿಯ ಸಂಬಂಧವಿತ್ತು. ಚಿತ್ರದಲ್ಲಿ ಇದರ ಸುಳಿವು ಸಿಗುವುದು ಜೇನುಗೂಡುಗಳ ಪ್ರಸಂಗದಲ್ಲಿ. ಕತ್ತೆಯ ಬೆನ್ನ ಮೇಲೆ ಸಾಗುವ ಆ ಗೂಡುಗಳ ಒಡೆಯರು ಲಾ ಆಲ್ಬೆರ್ಕಾದವರು ಎಂದು ನಿರೂಪಕ ಹೇಳಿ ಮುಂದೆ ಸಾಗುತ್ತಾನೆ. ಮಾನವ ಭೂಗೋಳದ ವಾಕ್ಯದಲ್ಲಿ ಭೂಗೋಳ ಉಳಿದು, ಒಡೆತನದ ಚರಿತ್ರೆ ಬಿಟ್ಟುಹೋಗಿದೆ.

೪. ಆಡು, ಕತ್ತೆ ಮತ್ತು ಮಗು

ಈಗ ಬಹುಚರ್ಚಿತವಾದ ಕೃತಕ ದೃಶ್ಯಗಳಿಗೆ ಬರಬಹುದು. ಆಡು ಬಂಡೆಯಿಂದ ಜಾರಿ ಬಿದ್ದು ಸತ್ತಾಗ ಮಾತ್ರ ಈ ಜನ ಆಡಿನ ಮಾಂಸ ತಿನ್ನುತ್ತಾರೆಂದು ನಿರೂಪಕ ಹೇಳುತ್ತಿರುವಾಗಲೇ ಒಂದು ಆಡು ಬೀಳುತ್ತದೆ. ಗಮನಿಸಿ ನೋಡಿದರೆ ಚೌಕಟ್ಟಿನ ಬಲ ಅಂಚಿನಲ್ಲಿ ಬಂದೂಕಿನ ಹೊಗೆ ಕಾಣುತ್ತದೆ. ಮರುಕ್ಷಣದಲ್ಲಿ ಅದೇ ಬೀಳುವಿಕೆ ಬೇರೊಂದು ಕೋನದಿಂದ ಕಾಣಿಸುತ್ತದೆ. ಆಕಸ್ಮಿಕವಾಗಿ ನಡೆದ ಒಂದು ಘಟನೆಯನ್ನು ಹೀಗೆ ಎರಡು ಕಡೆಯಿಂದ ಚಿತ್ರೀಕರಿಸಲು ಸಾಧ್ಯವಿಲ್ಲ. ಜೇನುನೊಣಗಳ ದಾಳಿಗೆ ಸಿಕ್ಕಿ ಸಾಯುವ ಕತ್ತೆಯ ದೃಶ್ಯವೂ ಚಿತ್ರತಂಡ ಏರ್ಪಡಿಸಿದ್ದು. ತೊಟ್ಟಿಲಿನಂಥ ಮರದ ಪೆಟ್ಟಿಗೆಯಲ್ಲಿ ಹೊಳೆಯ ಮೇಲೆ ಸಾಗುವ ‘ಸತ್ತ’ ಮಗು ಸತ್ತಿರಲಿಲ್ಲವೆಂಬುದು ಮುಂದಿನ ಕಾಲದಲ್ಲಿ ಸ್ಥಳೀಯರ ನೆನಪುಗಳಿಂದ ಬೆಳಕಿಗೆ ಬಂದಿತು.

ಇವುಗಳನ್ನು ಇಂದಿನ ಪತ್ರಿಕೋದ್ಯಮದ ನಿಯಮಗಳಿಂದ ಅಳೆಯುವುದು ಚರಿತ್ರೆಗೆ ಮಾಡುವ ಅನ್ಯಾಯವಾಗುತ್ತದೆ. ಸಾಕ್ಷ್ಯಚಿತ್ರ ಪ್ರಕಾರದ ಆದ್ಯರಲ್ಲೊಬ್ಬನಾದ ರಾಬರ್ಟ್ ಫ್ಲಾಹರ್ಟಿ ೧೯೨೨ರ ‘ನಾನೂಕ್’ ಚಿತ್ರಕ್ಕಾಗಿ ಬೆಳಕು ಬೀಳುವಂತೆ ಅರ್ಧ ಮಾತ್ರ ಕಟ್ಟಿದ ಹಿಮಮನೆಯನ್ನು ಬಳಸಿಕೊಂಡಿದ್ದನು. ವಾಸ್ತವದ ಸೃಜನಶೀಲ ನಿರ್ವಹಣೆಯೇ ಸಾಕ್ಷ್ಯಚಿತ್ರ ಎಂಬ ಅರ್ಥದ ಜಾನ್ ಗ್ರಿಯರ್‌ಸನ್ನನ ವ್ಯಾಖ್ಯಾನವೂ ಆ ಕಾಲದ್ದೇ. ಆದ್ದರಿಂದ ದೃಶ್ಯವನ್ನು ಏರ್ಪಡಿಸಿದ್ದೇ ಅಪರಾಧವಲ್ಲ. ಏರ್ಪಡಿಸಿದ ದೃಶ್ಯ ಯಾರ ಬದುಕಿನ ಮೇಲೆ, ಯಾರ ವೆಚ್ಚದಲ್ಲಿ ನಡೆಯಿತು ಎಂಬುದನ್ನು ನಾವು ಕೇಳಬೇಕು. ಚಿತ್ರದ ಮಾತನ್ನೇ ನಂಬುವುದಾದರೆ ಆಡು ಆ ಜನರ ಪಾಲಿಗೆ ಕೊಂದು ತಿನ್ನಲಾಗದಷ್ಟು ಬೆಲೆಯುಳ್ಳದ್ದು. ಅವರು ತಾವಾಗಿ ಕೊಲ್ಲದ ಪ್ರಾಣಿಯನ್ನು, ಅವರು ಕೊಲ್ಲುವುದಿಲ್ಲ ಎಂಬುದನ್ನು ತೋರಿಸುವ ಸಲುವಾಗಿ ಕೊಲ್ಲಲಾಯಿತು. ಪ್ರಾತಿನಿಧ್ಯ ತಾನು ವರ್ಣಿಸುವ ಅಭಾವವನ್ನು ತಾನೇ ಇನ್ನಷ್ಟು ಹೆಚ್ಚಿಸಿದ ಕ್ಷಣವಿದು.

ಮಗುವಿನ ದೃಶ್ಯ ಇನ್ನೊಂದು ಬಗೆಯದು. ಅಲ್ಲಿ ಶಿಶುಮರಣ ಅಪರೂಪವಾಗಿರಲಿಲ್ಲ; ಆ ಅರ್ಥದಲ್ಲಿ ದೃಶ್ಯ ‘ಸುಳ್ಳಲ್ಲ’. ಆದರೆ ಬದುಕಿರುವ ನಿರ್ದಿಷ್ಟ ಮಗುವೊಂದು ಜಗತ್ತಿನ ಚಿತ್ರಮಂದಿರಗಳಲ್ಲಿ ಶವವಾಗಿ ಉಳಿದುಹೋಯಿತು. ಆ ಮಗುವನ್ನು ಹೆತ್ತವರ ದೃಷ್ಟಿಯಿಂದ ನೋಡಿದಾಗ, ‘ಸಾಮಾನ್ಯ ಸತ್ಯ’ಕ್ಕಾಗಿ ವಿಶಿಷ್ಟ ವ್ಯಕ್ತಿಯನ್ನು ಬಳಸಿಕೊಳ್ಳುವ ಈ ಕ್ರಮದ ನಿಷ್ಠುರತೆ ಅರ್ಥವಾಗುತ್ತದೆ.

ಈ ಮೂರರೊಂದಿಗೆ ನಾಲ್ಕನೆಯ ದೃಶ್ಯವೊಂದನ್ನು ಇಟ್ಟು ನೋಡಬೇಕು. ಬೀದಿಯಲ್ಲಿ ಕಾಯಿಲೆಯ ಹುಡುಗಿಯೊಬ್ಬಳು ಬಿದ್ದುಕೊಂಡಿದ್ದಾಳೆ. ಚಿತ್ರತಂಡದವನೊಬ್ಬ ಚೌಕಟ್ಟಿನೊಳಗೆ ಬಂದು ಆಕೆಯ ಬಾಯಿ ತೆರೆಸಿ ಗಂಟಲನ್ನು ಪರೀಕ್ಷಿಸುತ್ತಾನೆ. ತಾವು ಏನೂ ಮಾಡಲಾಗಲಿಲ್ಲವೆಂದೂ ಎರಡು ದಿನಗಳ ನಂತರ ವಿಚಾರಿಸಿದಾಗ ಆಕೆ ಸತ್ತಳೆಂದು ತಿಳಿಯಿತೆಂದೂ ನಿರೂಪಕ ಹೇಳುತ್ತಾನೆ. ಮರೆಯಲ್ಲಿದ್ದ ‘ನಾವು’ ಇಲ್ಲಿ ಕ್ಯಾಮೆರಾದ ಮುಂದೆ ಬಂದು ಮುಟ್ಟುತ್ತದೆ, ಸೋಲುತ್ತದೆ, ಹೊರಟುಹೋಗುತ್ತದೆ. ನೋಡುವವರೂ ನೋಡಲ್ಪಡುವವರೂ ಒಂದೇ ಚೌಕಟ್ಟಿನಲ್ಲಿ ಸೇರುವ ಈ ದೃಶ್ಯ, ಚಿತ್ರದ ಉಳಿದ ಭಾಗಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹವೆನಿಸುವುದಕ್ಕೆ ಕಾರಣವಿದೆ. ಇಲ್ಲಿ ಚಿತ್ರಕಾರ ತನ್ನ ಅಶಕ್ತತೆಯನ್ನು ಮರೆಮಾಚಿಲ್ಲ.

೫. ವ್ಯಂಗ್ಯದ ಸಮರ್ಥನೆ

ಈ ಚಿತ್ರವನ್ನು ಸಮರ್ಥಿಸುವ ಪ್ರಬಲವಾದ ವಾದವೊಂದು ಪಾಶ್ಚಾತ್ಯ ಚಲನಚಿತ್ರ ವಿಮರ್ಶೆಯಲ್ಲಿದೆ. ಬುನ್ಯುಯೆಲ್ ಅತಿವಾಸ್ತವವಾದದ ಪ್ರಮುಖ ನಿರ್ದೇಶಕ. ೧೯೨೯ ಹಾಗೂ ೧೯೩೦ರ ತನ್ನ ಮೊದಲೆರಡು ಚಿತ್ರಗಳಿಂದ ಸಭ್ಯ ಸಮಾಜವನ್ನು ಬೆಚ್ಚಿಬೀಳಿಸಿದವನು. ಆದ್ದರಿಂದ ‘ಲಾಸ್ ಉರ್ದೆಸ್’ನ ಭಾವರಹಿತ ಧ್ವನಿ, ಹೊಂದದ ಸಂಗೀತ, ಕಣ್ಣಿಗೆ ಬೀಳುವ ಹೊಗೆ ಇವೆಲ್ಲವೂ ಉದ್ದೇಶಪೂರ್ವಕವಾದವು, ಚಿತ್ರ ಉರ್ದೆಸ್ ಜನರನ್ನು ಹೀಯಾಳಿಸುತ್ತಿಲ್ಲ, ಅವರನ್ನು ‘ಅಧ್ಯಯನ’ ಮಾಡುವ ಜನಾಂಗವಿವರಣೆಯ ಭಾಷೆಯನ್ನೇ ಅಣಕಿಸುತ್ತಿದೆ, ಕನಿಕರದಿಂದ ಕಣ್ಣೊರೆಸಿಕೊಂಡು ಮನೆಗೆ ಮರಳುವ ಸೌಲಭ್ಯವನ್ನು ಅದು ನೋಡುಗನಿಗೆ ನಿರಾಕರಿಸುತ್ತದೆ ಎಂಬುದು ಈ ವಾದದ ಸಾರ.

ಇದರಲ್ಲಿ ತಥ್ಯವಿದೆ. ಕರುಣ ರಸದ ಸುಲಭ ಪರಿಹಾರವನ್ನು ಈ ಚಿತ್ರ ಒದಗಿಸುವುದಿಲ್ಲ ಎಂಬುದು ಅದರ ನಿಜವಾದ ಸಾಧನೆ. ಮರನ್ಯೋನ್ ಅವರು ಬಯಸಿದ ಜನಪದ ನೃತ್ಯಗಳಿದ್ದಿದ್ದರೆ ಅದು ಸರ್ಕಾರಿ ಪ್ರಚಾರದ ಚಿತ್ರವಾಗುತ್ತಿತ್ತು. ಆದರೆ ವ್ಯಂಗ್ಯ ಒಂದು ಒಪ್ಪಂದವನ್ನು ಅವಲಂಬಿಸುತ್ತದೆ. ಹೇಳುವವನೂ ಕೇಳುವವನೂ ಸಮಾನವಾದ ಸಂಕೇತಗಳನ್ನು ಬಲ್ಲವರಾಗಿರಬೇಕು. ಇಲ್ಲಿ ಆ ಒಪ್ಪಂದ ನಡೆದದ್ದು ಪ್ಯಾರಿಸ್ ಮತ್ತು ಮ್ಯಾಡ್ರಿಡ್‌ನ ಸುಶಿಕ್ಷಿತ ಪ್ರೇಕ್ಷಕನಿಗೂ ನಿರ್ದೇಶಕನಿಗೂ ನಡುವೆ. ಉರ್ದೆಸ್‌ನ ಹೆಂಗಸು ಅದರಲ್ಲಿ ಪಾಲುದಾರಳಲ್ಲ; ಆಕೆಯ ಗಂಟಲಿನ ಗಂಟು ಆ ಒಪ್ಪಂದದ ಸಾಮಗ್ರಿ. ಅಣಕ ಜನಾಂಗವಿವರಣೆಯ ಮೇಲೆ ನಡೆದರೂ ಮೈ ಉರ್ದೆಸ್‌ನವರದೇ. ಆದ್ದರಿಂದ ವ್ಯಂಗ್ಯದ ವಾದ ನಿರ್ದೇಶಕನನ್ನು ಆರೋಪದಿಂದ ಬಿಡಿಸಬಲ್ಲದು. ಚಿತ್ರಿತರಾದವರನ್ನು ಚಿತ್ರದಿಂದ ಬಿಡಿಸಲಾರದು. ಒಂದು ಪಠ್ಯವನ್ನು ಸಮರ್ಥಿಸುವುದಕ್ಕೂ ಅದರಲ್ಲಿ ಸಿಲುಕಿದವರಿಗೆ ನ್ಯಾಯ ಒದಗಿಸುವುದಕ್ಕೂ ಇರುವ ಅಂತರವನ್ನು ವಿಮರ್ಶೆ ಗುರುತಿಸಬೇಕಾಗಿದೆ.

೬. ಶಾಲೆಯ ದೃಶ್ಯ: ಕರ್ತೃವಿನ ಸುಳಿವು

ಹಾಗೆಂದು ಚಿತ್ರ ಕರ್ತೃವನ್ನು ಸಂಪೂರ್ಣವಾಗಿ ಮರೆತಿದೆಯೆಂದು ಹೇಳಲಾಗದು. ಶಾಲೆಯ ದೃಶ್ಯ ಇದಕ್ಕೆ ಸಾಕ್ಷಿ. ಬರಿಗಾಲಿನ, ಹರಿದ ಬಟ್ಟೆಯ ಮಕ್ಕಳು ಬೆಂಚುಗಳ ಮೇಲೆ ಕುಳಿತಿದ್ದಾರೆ. ಗೋಡೆಯ ಮೇಲೆ ಹದಿನೆಂಟನೆಯ ಶತಮಾನದ ಉಡುಪಿನ ಶ್ರೀಮಂತ ಮಹಿಳೆಯೊಬ್ಬಳ ಚಿತ್ರವಿದೆ. ಈ ಅಸಂಬದ್ಧ ಚಿತ್ರ ಇಲ್ಲೇಕೆ ಎಂದು ನಿರೂಪಕನೇ ಕೇಳುತ್ತಾನೆ. ಮಕ್ಕಳಿಗೆ ಹಂಚಿದ ರೊಟ್ಟಿಯನ್ನು ಮೇಷ್ಟರು ತಮ್ಮ ಎದುರಿಗೇ ತಿನ್ನಿಸುತ್ತಾರೆ. ಮನೆಗೆ ಒಯ್ದರೆ ಹೆತ್ತವರು ಕಿತ್ತುಕೊಳ್ಳುವರೆಂಬ ಭಯ. ಹುಡುಗನೊಬ್ಬ ಎದ್ದು ಬಂದು ನೀತಿಪುಸ್ತಕದ ವಾಕ್ಯವೊಂದನ್ನು ಕರಿಹಲಗೆಯ ಮೇಲೆ ಬರೆಯುತ್ತಾನೆ. ಪರರ ಆಸ್ತಿಯನ್ನು ಗೌರವಿಸಬೇಕೆಂಬುದು ಅದರ ತಾತ್ಪರ್ಯ. ಏನೂ ಇಲ್ಲದ ಮಕ್ಕಳಿಗೆ ಕಲಿಸುವ ಮೊದಲ ನೀತಿ ಇದು.

ಇಡೀ ಚಿತ್ರದಲ್ಲಿ ‘ಉಪವಾಸವಿದ್ದಾರೆ’ ಎಂಬ ವಾಕ್ಯ ‘ಉಪವಾಸ ಕೆಡವಿದ್ದಾರೆ’ ಎಂಬ ವಾಕ್ಯವಾಗಿ ಬದಲಾಗುವುದು ಇಲ್ಲಿ. ಇಲ್ಲಿ ನೆಲ, ನೀರು, ಸೊಳ್ಳೆಗಳ ಮಾತಿಲ್ಲ. ಪ್ರಭುತ್ವ, ಶಿಕ್ಷಣ ಮತ್ತು ಆಸ್ತಿ ಒಟ್ಟಾಗಿ ಕಾಣಿಸಿಕೊಳ್ಳುತ್ತವೆ. ಇದನ್ನು ಸಾಧಿಸಲು ಯಾವ ಆಡನ್ನೂ ಕೊಲ್ಲಬೇಕಾಗಲಿಲ್ಲ ಎಂಬುದೂ ಗಮನಿಸತಕ್ಕದ್ದು. ೧೯೩೬ರ ನಂತರ ಚಿತ್ರದ ಕೆಲವು ಪ್ರತಿಗಳ ಕೊನೆಗೆ ಸೇರಿಸಿದ ಬರಹವೊಂದು, ಈ ದುಃಸ್ಥಿತಿ ಪರಿಹಾರವಿಲ್ಲದ್ದಲ್ಲವೆಂದೂ ರೈತ-ಕಾರ್ಮಿಕರು ಸಂಘಟಿತರಾಗಿ ಇತರ ಕಡೆಗಳಲ್ಲಿ ಇಂಥ ಸ್ಥಿತಿಯನ್ನು ಬದಲಿಸಿಕೊಂಡಿರುವರೆಂದೂ ಹೇಳುತ್ತದೆ. ಆದರೆ ಚಿತ್ರದೊಳಗಿನ ಜನರಲ್ಲಿ ಅಂಥ ಸಂಘಟನೆಯ ಶಕ್ತಿಯ ಲವಲೇಶವನ್ನೂ ನಾವು ಕಂಡಿರುವುದಿಲ್ಲ. ಹೊಳೆಯ ದಂಡೆಯಲ್ಲಿ ಕಲ್ಲುಗೋಡೆ ಕಟ್ಟಿ, ಚೀಲಗಳಲ್ಲಿ ಮಣ್ಣು ಹೊತ್ತು ತಂದು ಹೊಲ ಮಾಡುವ ಅವರ ಅಸಾಧಾರಣ ಶ್ರಮವನ್ನು ಚಿತ್ರ ತೋರಿಸುತ್ತದೆ. ಆದರೆ ಪ್ರವಾಹದಲ್ಲಿ ಅದು ಕೊಚ್ಚಿಹೋಗುತ್ತದೆಂದು ಹೇಳಲಷ್ಟೇ ಅದನ್ನು ಬಳಸಿಕೊಳ್ಳುತ್ತದೆ. ಉನಾಮುನೊ ಗೌರವದಿಂದ ಕಂಡದ್ದನ್ನು ಚಿತ್ರ ವ್ಯರ್ಥತೆಯ ಉದಾಹರಣೆಯಾಗಿ ಮಾರ್ಪಡಿಸುತ್ತದೆ.

ಹಸಿವು, ಆಸ್ತಿ, ತಿನ್ನುವಿಕೆ ಈ ಮೂರನ್ನೂ ಒಂದೇ ದೃಶ್ಯದಲ್ಲಿ ತಂದ ಕನ್ನಡ ಕೃತಿಯೊಂದು ಕನ್ನಡದ ಓದುಗರಿಗೆ ಇಲ್ಲಿ ಸಹಜವಾಗಿ ನೆನಪಾಗುತ್ತದೆ. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಹುಕಾರನ ಕಡಲೆಕಾಯಿ ಮೂಟೆ ಕದ್ದು ತಂದ ರಾತ್ರಿ ಸಾಕವ್ವನ ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕುಳಿತು ತಿನ್ನುತ್ತಾರೆ. ಸಾಕ್ಷ್ಯಚಿತ್ರವನ್ನೂ ಕಥನವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎರಡರ ಕಾಲ, ಮಾಧ್ಯಮ, ಸಮಾಜಗಳು ಬೇರೆ. ಆದರೂ ಪ್ರಾತಿನಿಧ್ಯದ ವ್ಯಾಕರಣವನ್ನು ಅರಿಯಲು ಹೋಲಿಕೆ ಉಪಯುಕ್ತ. ಉರ್ದೆಸ್‌ನ ಮಕ್ಕಳು ಮೇಷ್ಟರ ಕಣ್ಗಾವಲಿನಲ್ಲಿ, ಆಸ್ತಿಯ ನೀತಿಪಾಠದ ಪಕ್ಕದಲ್ಲಿ ರೊಟ್ಟಿ ತಿನ್ನುತ್ತಾರೆ. ಸಾಕವ್ವನ ಮನೆಯಲ್ಲಿ ಕಣ್ಗಾವಲು ಬರುವುದು ಆಮೇಲೆ, ಪೊಲೀಸರ ರೂಪದಲ್ಲಿ. ಅಷ್ಟರಲ್ಲಿ ಮಾತು, ನಗು, ಜಗಳ, ಹಿಗ್ಗು ಎಲ್ಲವೂ ನಡೆದುಹೋಗಿರುತ್ತವೆ. ಹಸಿದವರಿಗೆ ಹಸಿವಿನಾಚೆಗೂ ಒಂದು ಬದುಕಿದೆ ಎಂಬುದೇ ಆ ಹಸಿವನ್ನು ಅನ್ಯಾಯವೆಂದು ಓದುಗ ಅರಿಯುವಂತೆ ಮಾಡುತ್ತದೆ. ‘ಲಾಸ್ ಉರ್ದೆಸ್’ ಚಿತ್ರದ ಜನ ಹಾಡುವುದಿಲ್ಲ. ನಗುವವರು ಬುದ್ಧಿಮಾಂದ್ಯರು ಮಾತ್ರ. ಬಂಡಾಯ-ದಲಿತ ಸಾಹಿತ್ಯದ ಚರ್ಚೆಗಳು ‘ಯಾರು ಬರೆಯುತ್ತಾರೆ’ ಎಂಬುದರೊಂದಿಗೆ ‘ಬರೆಯಲ್ಪಟ್ಟವರು ಕೃತಿಯೊಳಗೆ ಏನು ಮಾಡುತ್ತಾರೆ’ ಎಂಬ ಪ್ರಶ್ನೆಯನ್ನೂ ನಮಗೆ ಕೊಟ್ಟಿವೆ. ಈ ಎರಡನೆಯ ಪ್ರಶ್ನೆ ಸಾಕ್ಷ್ಯಚಿತ್ರದ ಅಧ್ಯಯನಕ್ಕೂ ಅಷ್ಟೇ ಪ್ರಸ್ತುತ.

೭. ಚಿತ್ರಿತರ ಪ್ರತ್ಯುತ್ತರ

ಪ್ರಾತಿನಿಧ್ಯ ಕೇವಲ ಸೌಂದರ್ಯಶಾಸ್ತ್ರದ ಸಮಸ್ಯೆಯಲ್ಲ. ಅದಕ್ಕೆ ಸಾಮಾಜಿಕ ಪರಿಣಾಮಗಳಿವೆ. ‘ಲಾಸ್ ಉರ್ದೆಸ್’ ವಿಶ್ವ ಚಲನಚಿತ್ರದ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಸೇರಿದಂತೆಲ್ಲ, ಆ ಪ್ರದೇಶದ ಹೆಸರು ಹಿಂದುಳಿದಿರುವಿಕೆಗೆ ಪರ್ಯಾಯಪದವಾಗಿ ಗಟ್ಟಿಗೊಂಡಿತು. ರಸ್ತೆ, ವಿದ್ಯುತ್ತು, ಶಾಲೆ, ಆಸ್ಪತ್ರೆಗಳು ಬಂದು ಬದುಕು ಬದಲಾದ ಮೇಲೂ ಅಲ್ಲಿನವರು ೧೯೩೩ರ ಚೌಕಟ್ಟಿನಿಂದ ಹೊರಬರಲು ಹೆಣಗಬೇಕಾಯಿತು. ೨೦೦೦ದಲ್ಲಿ ಡಚ್ ನಿರ್ದೇಶಕ ರಮೋನ್ ಗೀಲಿಂಗ್ ಈ ಪ್ರದೇಶಕ್ಕೆ ಹೋಗಿ, ಬುನ್ಯುಯೆಲ್‌ನ ಚಿತ್ರದ ಬಗ್ಗೆ ಅಲ್ಲಿಯ ಜನರನ್ನೇ ಮಾತನಾಡಿಸಿ ತಯಾರಿಸಿದ ಸಾಕ್ಷ್ಯಚಿತ್ರದ ಹೆಸರು ‘ಬುನ್ಯುಯೆಲ್‌ನ ಸೆರೆಯಾಳುಗಳು’ ಎಂಬ ಅರ್ಥದ್ದು. ಆ ಶೀರ್ಷಿಕೆಯೇ ಒಂದು ವಿಮರ್ಶೆ. ಅದರಲ್ಲಿ ಮಾತನಾಡುವವರು ಒಂದೇ ಅಭಿಪ್ರಾಯದವರಲ್ಲ. ಚಿತ್ರ ತಮಗೆ ಅವಮಾನ ಮಾಡಿತೆನ್ನುವವರೂ ಇದ್ದಾರೆ, ಬಡತನ ನಿಜವಾಗಿಯೂ ಇತ್ತೆನ್ನುವವರೂ ಇದ್ದಾರೆ. ಈ ಭಿನ್ನಾಭಿಪ್ರಾಯವೇ ೧೯೩೩ರ ಚಿತ್ರದಲ್ಲಿ ಇಲ್ಲದಿದ್ದ ಅಂಶ. ತಮ್ಮ ಬಗೆಗಿನ ಚಿತ್ರವನ್ನು ಕುರಿತು ತಮ್ಮೊಳಗೇ ಜಗಳವಾಡುವಾಗ ಅವರು ‘ಇಲ್ಲಿನ ಜನ’ ಎಂಬ ಬಹುವಚನದಿಂದ ಹೊರಬಂದು ವ್ಯಕ್ತಿಗಳಾಗುತ್ತಾರೆ.

೨೦೧೮ರಲ್ಲಿ ಸಾಲ್ವದೋರ್ ಸಿಮೋ ನಿರ್ದೇಶಿಸಿದ ಅನಿಮೇಷನ್ ಚಿತ್ರವೊಂದು ‘ಲಾಸ್ ಉರ್ದೆಸ್’ನ ಚಿತ್ರೀಕರಣವನ್ನೇ ವಸ್ತುವಾಗಿಸಿಕೊಂಡಿತು. ಅದು ಮೂಲ ಚಿತ್ರದ ತುಣುಕುಗಳನ್ನು ಬಳಸಿಕೊಳ್ಳುತ್ತ ಬುನ್ಯುಯೆಲ್-ಆಸಿನ್ ಸ್ನೇಹವನ್ನು ಆರ್ದ್ರವಾಗಿ ಕಟ್ಟಿಕೊಡುತ್ತದೆ. ಮರೆಯಾಗಿದ್ದ ಆಸಿನ್ ಅಲ್ಲಿ ಮತ್ತೆ ಬೆಳಕಿಗೆ ಬರುತ್ತಾನೆ. ಆದರೆ ಕಥೆಯ ನಾಯಕ ಮತ್ತೆ ನಿರ್ದೇಶಕನೇ. ಉರ್ದೆಸ್‌ನ ಜನ ಮತ್ತೆ ಅವನ ಆತ್ಮಶೋಧದ ಹಿನ್ನೆಲೆಯಾಗುತ್ತಾರೆ. ಎಂಬತ್ತೈದು ವರ್ಷಗಳ ಅಂತರದಲ್ಲೂ ಚೌಕಟ್ಟಿನ ಕೇಂದ್ರ ಬದಲಾಗಿಲ್ಲ.

೮. ಉಪಸಂಹಾರ

ಮೇಲಿನ ಚರ್ಚೆಯಿಂದ ‘ಲಾಸ್ ಉರ್ದೆಸ್’ ತಿರಸ್ಕಾರಕ್ಕೆ ಯೋಗ್ಯವಾದ ಚಿತ್ರವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಪ್ರಭುತ್ವ ಮುಚ್ಚಿಡಲು ಬಯಸಿದ್ದನ್ನು ಅದು ತೆರೆದಿಟ್ಟಿತು. ಅದಕ್ಕಾಗಿ ನಿಷೇಧವನ್ನು ಅನುಭವಿಸಿತು. ಆದರೆ ಬಡತನವನ್ನು ಬಯಲಿಗೆ ತರುವುದು ಬೇರೆ, ಬಡವರನ್ನು ಬಯಲಿಗೆ ತರುವುದು ಬೇರೆ. 

ಗ್ರಾಮೀಣ ಬಡತನದ ಯಾವುದೇ ಸಾಕ್ಷ್ಯಚಿತ್ರವನ್ನು ಅಧ್ಯಯನ ಮಾಡುವಾಗ ದೃಶ್ಯ ನಿಜವೋ ಕೃತಕವೋ ಎಂಬ ವಿಚಾರಣೆಯ ಜೊತೆಗೆ ಅದರ ವಾಕ್ಯಗಳನ್ನೂ ವಿಂಗಡಿಸಿ ನೋಡುವುದು ಅಗತ್ಯ. ಹಸಿವು ಅಲ್ಲಿ ಸ್ವಭಾವವಾಗಿ ಬಂದಿದೆಯೋ, ಕೃತ್ಯವಾಗಿ ಬಂದಿದೆಯೋ? ಕೃತ್ಯವಾದರೆ ಅದರ ಕರ್ತೃ ಚೌಕಟ್ಟಿನೊಳಗೆ ಇದ್ದಾನೆಯೋ? ಹಸಿದವರು ಹಸಿವನ್ನುಳಿದು ಬೇರೆ ಯಾವ ಕ್ರಿಯಾಪದಕ್ಕಾದರೂ ಕರ್ತೃಗಳಾಗಿದ್ದಾರೆಯೋ? ಇಂಥ ವಿಂಗಡಣೆಗೆ ಬೇಕಾದ ಪರಿಕರಗಳು ವ್ಯಾಕರಣ ಮತ್ತು ಕಥನಶಾಸ್ತ್ರಗಳ ರೂಪದಲ್ಲಿ ಕನ್ನಡ ಅಧ್ಯಯನದ ಕೈಯಲ್ಲಿ ಈಗಾಗಲೇ ಇವೆ. ಅವುಗಳನ್ನು ಪುಟದಿಂದ ಪರದೆಯ ಕಡೆಗೆ ಒಯ್ದರೆ, ಹೆಸರಿಲ್ಲದೆ ದಾಖಲಾದ ಆ ಮೂವತ್ತೆರಡರ ಹೆಂಗಸಿನಂಥವರ ಬಗ್ಗೆ ನಾವು ಅಂಕಿಗಿಂತ ಹೆಚ್ಚಿನದನ್ನು ಕೇಳಲು ಆರಂಭಿಸಬಹುದು.